ಐಮಂಗಲದ ಡಾಬಾದಲ್ಲಿ ಜಪಾನು

ಇದನ್ನು ನೀವು ನಂಬುವುದಿಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ನನ್ನ ಮೇಲೆ ಬರಬೇಡಿ. ಹಿರಿಯೂರಿನ ಪಿಯುಸಿ ಹುಡುಗಿಯೊಬ್ಬಳು, ಅಂದರೆ ನಾನು, ಎರಡೇ ದಿನದಲ್ಲಿ ನಾಲ್ಕು ತಾಲ್ಲೂಕು ಜರಡಿ ಹಿಡಿದು ಒಂದು ಒಳ್ಳೆಯ ಜಪಾನಿ ಹೋಟೆಲು ಹುಡುಕಿ ತೆಗೆದೆ. ಬೆಂಗಳೂರಿನಲ್ಲಲ್ಲ, ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ, ಹೆದ್ದಾರಿ ಪಕ್ಕ, ಲಾರಿ ಟೈರಿಗೆ ಗಾಳಿ ಹಾಕುವ ಅಂಗಡಿಯ ಮಗ್ಗುಲಲ್ಲಿ. ಹೊಸ ದೇಶ ಕಂಡುಹಿಡಿದವರ ಹತ್ತಿರ ಹಡಗು ಇತ್ತು, ನಕ್ಷೆ ಇತ್ತು, ರಾಜರ ಆಶೀರ್ವಾದ ಇತ್ತು. ನನ್ನ ಹತ್ತಿರ ಇದ್ದದ್ದು ಸರ್ಕಾರಿ ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡು ಒಂದೇ.

ಎಲ್ಲ ಶುರುವಾದದ್ದು ಕ್ಲಾಸಿನಲ್ಲಿ. ಈ ವರ್ಷ ನಮ್ಮ ಕಾಲೇಜಿಗೆ ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದು ಸೇರಿದ್ದಾಳೆ. ಅವಳ ಅಪ್ಪ ಬ್ಯಾಂಕಿನವರು, ವರ್ಗವಾಗಿ ಬಂದವರು. ಹುಡುಗಿ ಕೆಟ್ಟವಳಲ್ಲ. ಆದರೆ ನಮ್ಮೂರಿನ ಯಾವುದನ್ನು ನೋಡಿದರೂ 'ಓ, ಕ್ಯೂಟ್' ಅನ್ನುತ್ತಾಳೆ. ವೇದಾವತಿ ಹೊಳೆ ಕ್ಯೂಟ್. ತೆಂಗಿನಕಾಯಿ ಮಂಡಿ ಕ್ಯೂಟ್. ಮಂಡಿಯಲ್ಲಿ ಮೂಟೆ ಹೊರುವ, ಎಮ್ಮೆಯನ್ನೂ ಹೆದರಿಸಬಲ್ಲ ಮೀಸೆಯ ನಮ್ಮಪ್ಪನೂ ಕ್ಯೂಟ್. ಅಂಥವಳು ಒಂದು ಶುಕ್ರವಾರ ಊಟದ ಹೊತ್ತಿನಲ್ಲಿ, ತನ್ನ ಡಬ್ಬಿಯ ಚಿತ್ರಾನ್ನ ಕೆದಕುತ್ತಾ, ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ ಜಪಾನಿನವರ ಸುಶಿ ತಿನ್ನುತ್ತಿದ್ದೆವು, ಇಲ್ಲಿ ಅದೊಂದು ತುಂಬಾ ಮಿಸ್ ಆಗುತ್ತೆ ಅಂದಳು.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನಮ್ಮ ವಂಶದಲ್ಲಿಲ್ಲ.

"ನಾನೂ ತಿಂದೀನಿ ಬಿಡು," ಅಂದೆ. "ಬೆಂಗಳೂರಾಗೆ. ಎಲ್ಡು ಸಲ. ಅಂಥಾದ್ದೇನಿಲ್ಲ. ನಮ್ ಜಿಲ್ಲೆಯಾಗೇ ಅದಕ್ಕಿಂತ ಚೆನ್ನಾಗಿ ಮಾಡ್ತಾರೆ."

ಕ್ಲಾಸು ನಕ್ಕಿತು. ಎಂಥ ನಗು ಅಂದರೆ ಗೋಡೆಯ ಸುಣ್ಣ ಉದುರಿ ಹಿಂದಿನ ಬೆಂಚಿನವರ ಮೊಸರನ್ನಕ್ಕೆ ಬಿತ್ತು. ನಿಮಗೆ ನಿಜ ಹೇಳಿಬಿಡುತ್ತೇನೆ: ನಾನು ತಿಂದಿರಲಿಲ್ಲ. ಫೋನಿನಲ್ಲಿ ಜಪಾನಿನ ಕಾರ್ಟೂನು ನೋಡಿದ್ದೆ, ಅದರಲ್ಲಿ ತಿನ್ನುವವರನ್ನು ನೋಡಿದ್ದೆ, ನೋಡಿ ನೋಡಿ ಹೊಟ್ಟೆ ತುಂಬಿದಂತೆ ಆಗಿತ್ತು, ಅಷ್ಟೆ. ಆದರೆ ಆ ನಗು ನನಗೆ ಚುಚ್ಚಿತು. ಯಾಕೆಂದರೆ ಕ್ಲಾಸಿನಲ್ಲಿ ನನ್ನನ್ನು ಯಾರೂ ಯಾವುದಕ್ಕೂ ನಂಬುವುದಿಲ್ಲ. ನಮ್ಮ ಟೆರೇಸಿನ ಮೇಲೆ ನವಿಲು ಬಂದು ಅಮ್ಮ ಒಣಗಿಸಿದ ಸಂಡಿಗೆ ತಿಂದುಹೋಯಿತು ಅಂತ ಹೇಳಿದಾಗ ಯಾರೂ ನಂಬಲಿಲ್ಲ. ನವಿಲು ನಿಜವಾಗಿ ಬಂದಿತ್ತು! ಸಂಡಿಗೆ ಮಾತ್ರ ನಾನು ತಿಂದಿದ್ದೆ. ಮುಕ್ಕಾಲು ನಿಜ ಹೇಳಿದವಳಿಗೂ ಒಂದು ಸಲವಾದರೂ 'ಹೌದು, ಇವಳು ಹೇಳಿದ್ದು ಸರಿ' ಅಂತ ಅನ್ನಿಸಿಕೊಳ್ಳುವ ಆಸೆ ಇರುವುದಿಲ್ಲವೇ?

"ಎಲ್ಲಿದೆ ತೋರಿಸು," ಅಂದಳು ಬೆಂಗಳೂರಿನವಳು. "ತೋರಿಸಿದರೆ ನೀನು ತಿಂದಿದೀಯ ಅಂತ ಒಪ್ಕೋತೀನಿ. ಸೋಮವಾರ ಎಲ್ಲರ ಮುಂದೆ ನಾನೇ ಹೇಳ್ತೀನಿ. ತೋರಿಸದೇ ಇದ್ರೆ?"

"ತೋರಿಸದಿದ್ರೆ ಬೆಂಚಿನ ಮೇಲೆ ನಿಂತು, ನಾನು ಹೇಳಿದ್ದೆಲ್ಲಾ ಬುರುಡೆ ಅಂತೀನಿ. ಫಸ್ಟ್ ಪೀರಿಯಡ್ಡಾಗೆ."

"ಡೀಲ್. ಆದರೆ ಕೂತು ತಿನ್ನೋ ಹೋಟೆಲ್ ಆಗಿರಬೇಕು. ಬೋರ್ಡಲ್ಲಿ ಬರೆದಿರಬೇಕು. ತಿಂದ ಮೇಲೆ ನಾನು ಚೆನ್ನಾಗಿದೆ ಅನ್ನಬೇಕು."

ನನ್ನ ಪಕ್ಕ ಕೂತಿದ್ದ ನನ್ನ ಗೆಳತಿ ತಲೆ ಮೇಲೆ ಕೈಹೊತ್ತಳು. ಪೇಟೆ ಬೀದಿಯಲ್ಲಿ ಮೂರು ತಲೆಮಾರಿನಿಂದ ಹಾಸಿಗೆ ಹೊಲಿಯುವವರ ಮನೆಯವಳು ಅವಳು. ನಾನು ಒಂದನೇ ಕ್ಲಾಸಿನಿಂದ ಬಿಟ್ಟ ಬುರುಡೆಗಳಿಗೆಲ್ಲ ಸಾಕ್ಷಿ.

"ಯಾ ಅಲ್ಲಾ," ಅಂತ ನನ್ನ ಕಿವಿಯಲ್ಲಿ ಅಂದಳು. "ನಮ್ಮೂರಾಗೆ ಭಾನುವಾರ ಇಡ್ಲೀನೇ ಸಿಗಲ್ಲ. ಜಪಾನ್ ಎಲ್ಲಿಂದ ತರ್ತೀಯಲೇ?"

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ತಕ್ಷಣ ಮೂವರೂ ಹೊಸದುರ್ಗದ ಬಸ್ಸು ಹತ್ತಿದೆವು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ನಮ್ಮ ಜಿಲ್ಲೆಯ ಹೆಂಗಸರು ಮನೆಯಲ್ಲಿ ಕೂರುವುದನ್ನೇ ಬಿಟ್ಟಿದ್ದಾರೆ. ಆ ಬಸ್ಸಿನಲ್ಲಿ ಗಾಳಿಗೂ ಸೀಟಿರಲಿಲ್ಲ. ಅಜ್ಜಿಯೊಬ್ಬರ ಹೂಕೋಸಿನ ಚೀಲವನ್ನು ನಾನು ಹೊತ್ತಿದ್ದೆ, ಅಜ್ಜಿಯನ್ನು ಬೆಂಗಳೂರಿನವಳು ಹೊತ್ತಿದ್ದಳು. ಅಜ್ಜಿ ಅವಳ ತೊಡೆಯ ಮೇಲೆ ಆರಾಮಾಗಿ ಕೂತು ಕೇಳಿದರು, "ಎಲ್ಲಿಗವ್ವ ಹೊಂಟೀರಿ?"

"ಜಪಾನ್ ಊಟಕ್ಕಜ್ಜಿ," ಅಂದೆ.

"ಒಳ್ಳೇದು. ಹೊತ್ತಿಗೆ ಮುಂಚೆ ಹೋಗ್ರವ್ವ, ಪಂಕ್ತಿ ತುಂಬಿಬಿಡ್ತಾವೆ."

ಹೊಸದುರ್ಗದಲ್ಲಿ ಒಂದು ಫ್ಯಾಮಿಲಿ ರೆಸ್ಟೋರೆಂಟು ಕಂಡಿತು. ಒಳಗೆ ನೀಲಿ ಲೈಟು, ಕಿಟಕಿಗೆ ಕಪ್ಪು ಗಾಜು, ಗೋಡೆ ಪಕ್ಕ ದೊಡ್ಡ ಗಾಜಿನ ತೊಟ್ಟಿಯಲ್ಲಿ ಮೀನು. ನನ್ನ ಎದೆ ಹಿಗ್ಗಿತು. ಕಾರ್ಟೂನಿನಲ್ಲಿ ನೋಡಿದ ಜಪಾನಿ ಹೋಟೆಲಿನಲ್ಲೂ ಇಂಥದೇ ತೊಟ್ಟಿ ಇತ್ತು, ಅದರಿಂದ ಮೀನು ಹಿಡಿದೇ ಕೊಯ್ದು ಕೊಡುತ್ತಿದ್ದರು. ಸಪ್ಲೈಯರ್ ಅಣ್ಣನಿಗೆ ತೊಟ್ಟಿ ತೋರಿಸಿ, "ಅದ್ರಾಗಿಂದೊಂದು ಹಸೀದೇ ಕೊಯ್ದು ಕೊಡ್ತೀರೇನ್ರೀ?" ಅಂದೆ.

ಆ ಅಣ್ಣ ನೀರಿನ ಲೋಟ ಕೈಯಲ್ಲಿ ಹಿಡಿದೇ ನಿಂತ. ಆಮೇಲೆ ಒಳಗೆ ತಿರುಗಿ ಕೂಗಿದ, "ಓನರ್ರೇ, ಬರ್ರಿ ಇಲ್ಲಿ! ನಮ್ ಪಾಪು ಸಾಕಿದ್ ಮೀನು ಕೊಯ್ರಿ ಅಂತಾರೆ!"

ಓನರ್ ಬರುವ ಮೊದಲು ಅವರ ಮಗಳು ಬಂದಳು. ಆರೇಳು ವರ್ಷದ್ದು. ತೊಟ್ಟಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ನಮ್ಮ ದುರ್ಗದ ಕೋಟೆಯ ಹೆಬ್ಬಾಗಿಲು ಕಾಯುವವಳ ಹಾಗೆ ನಿಂತುಬಿಟ್ಟಳು. ನಾವು ಮೂವರೂ ಕುಡಿದಿದ್ದು ನೀರು ಮಾತ್ರ. ಅದನ್ನೂ ಪೂರ್ತಿ ಕುಡಿಯಲಿಲ್ಲ.

ಹೊಳಲ್ಕೆರೆ ಮುಟ್ಟುವ ಹೊತ್ತಿಗೆ ಬೆಂಗಳೂರಿನವಳು ಬೆರಳಲ್ಲಿ ಎಣಿಸಲು ಶುರುಮಾಡಿದ್ದಳು. "ಒಂದು ತಾಲ್ಲೂಕು ಔಟ್."

ಹೊಳಲ್ಕೆರೆಯ ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯಲ್ಲಿ ವಯಸ್ಸಾದ ಯಜಮಾನರೊಬ್ಬರು ಗಲ್ಲಾದ ಹಿಂದೆ ಕೂತಿದ್ದರು. ಜಪಾನಿನದೇನಾದರೂ ಐತೇನಜ್ಜ ಅಂತ ಕೇಳಿದೆ. ಅಜ್ಜನ ಮುಖ ದೀಪಾವಳಿಯಾಯಿತು. "ಐತೆ! ಯಾಕಿಲ್ಲ? ಕುಂತ್ಕಳ್ರಿ," ಅಂದು ಒಳಗೆ ಹೋದರು. ನಾನು ಬೆಂಗಳೂರಿನವಳ ಕಡೆ ನೋಡಿ ಹುಬ್ಬು ಏರಿಸಿದೆ. ಅಜ್ಜ ಒಂದು ರೇಡಿಯೋ ತಂದು ಮೇಜಿನ ಮೇಲಿಟ್ಟರು. ಬಟ್ಟೆಯ ಗವುಸು ಬಿಚ್ಚಿ, ಹಿಂಭಾಗ ತಿರುಗಿಸಿ ತೋರಿಸಿದರು.

"ನಮ್ಮಪ್ಪ ತಂದಿದ್ದು. ಜಪಾನ್ದು. ಇವತ್ತಿಗೂ ಒಂದು ಸ್ಕ್ರೂ ಬಿಚ್ಚಿಸಿಲ್ಲ. ಕೇಳ್ರಿ ಬೇಕಾದ್ರೆ."

ಕೇಳಿದೆವು. ಕೃಷಿ ವಾರ್ತೆ ಬರುತ್ತಿತ್ತು. ತೆಂಗಿನ ಬುಡಕ್ಕೆ ಬೇವಿನಹಿಂಡಿ ಎಷ್ಟು ಹಾಕಬೇಕು ಅಂತ ಜಪಾನಿನ ರೇಡಿಯೋದಿಂದ ತಿಳಿದುಕೊಂಡು, ದಿಲ್‌ಪಸಂದ್ ತಿಂದು ಎದ್ದೆವು. ಅಜ್ಜನ ಹೆಮ್ಮೆ ನೋಡಿದರೆ, 'ತಿನ್ನುವುದು ಬೇಕಿತ್ತು' ಅನ್ನಲು ಬಾಯಿ ಬರಲಿಲ್ಲ. ಬೆಂಗಳೂರಿನವಳಿಗೂ ಬರಲಿಲ್ಲ. ಆದರೆ ಬಸ್ಸು ಹತ್ತಿದ ಮೇಲೆ ಎರಡನೇ ಬೆರಳು ಮಡಿಚಿದಳು.

ಭಾನುವಾರ ಮನೆಯಲ್ಲಿ ಸ್ಪೆಷಲ್ ಕ್ಲಾಸು ಅಂತ ಹೇಳಿ ಚಿತ್ರದುರ್ಗಕ್ಕೆ ಹೊರಟೆ. ರಾತ್ರಿಯೆಲ್ಲ ಬೆಂಚಿನ ಮೇಲೆ ನಿಂತ ಹಾಗೆ ಕನಸು ಬಿದ್ದಿತ್ತು. ಕನಸಿನಲ್ಲಿ ಬೆಂಚು ಕೋಟೆಯ ಬತೇರಿಯಷ್ಟು ಎತ್ತರ ಇತ್ತು, ಕೆಳಗೆ ಇಡೀ ಜಿಲ್ಲೆ ನಿಂತು ನಗುತ್ತಿತ್ತು, ನವಿಲೂ ಇತ್ತು.

ಚಿತ್ರದುರ್ಗ ದೊಡ್ಡ ಊರು, ಜಿಲ್ಲಾ ಕೇಂದ್ರ. ಅಲ್ಲಿ ಸಿಗದಿದ್ದರೆ ಇನ್ನೆಲ್ಲೂ ಇಲ್ಲ. ಒಂದು ಹೋಟೆಲಿನಲ್ಲಿ ಮೆನು ಕಾರ್ಡು ಪುಸ್ತಕದಷ್ಟು ದಪ್ಪ ಇತ್ತು: ಉತ್ತರ ಭಾರತ, ದಕ್ಷಿಣ ಭಾರತ, ಚೈನಾ, ಅರಬ್ಬರ ದೇಶ. ಪುಟ ತಿರುಗಿಸುತ್ತಾ ಪ್ರಪಂಚ ಸುತ್ತಿದೆವು, ಜಪಾನು ಮಾತ್ರ ಎಲ್ಲೋ ಸಮುದ್ರದಲ್ಲಿ ಉಳಿದಿತ್ತು. ಇನ್ನೊಂದು ಕಡೆ ಕೇಳಿದ್ದಕ್ಕೆ, "ಸದ್ಯಕ್ಕಿಲ್ಲ ಮೇಡಂ, ಹಬ್ಬ ಆದ್ಮೇಲೆ ಶುರು ಮಾಡ್ತೀವಿ," ಅಂದರು. ಅವರು ನನಗಿಂತ ದೊಡ್ಡ ಬುರುಡೆಯವರು ಅಂತ ನೋಡಿದ ತಕ್ಷಣ ಗೊತ್ತಾಯಿತು. ಒಬ್ಬ ಕಲಾವಿದ ಇನ್ನೊಬ್ಬನನ್ನು ಗುರುತಿಸುತ್ತಾನೆ.

ಹನ್ನೊಂದು ಹೋಟೆಲು ಮುಗಿಯಿತು. ಸರಿ, ಆರು. ಬಿಸಿಲಿಗೆ ಗೆಳತಿಯ ಮುಖ ಬಾಡಿತ್ತು. ಕೊನೆಗೆ ಒಂದು ಗೋಬಿ ಗಾಡಿಯ ಹತ್ತಿರ ನಿಂತೆವು. ಗೋಬಿಯಣ್ಣ ಬಾಣಲೆಯಲ್ಲಿ ಬೆಂಕಿ ಎಬ್ಬಿಸುತ್ತಾ ನನ್ನ ಕಥೆ ಪೂರ್ತಿ ಕೇಳಿದ.

"ಅನ್ನಕ್ಕೆ ಕಪ್ಪು ಕಾಗದ ಸುತ್ತಿ ಕೊಡ್ತಾರಲ್ಲ, ಅದಾ?" ಅಂದ.

"ಹ್ಞೂಂ ಕಣಣ್ಣ! ಅದೇ! ನಿಮ್ಗೆಂಗೊತ್ತು?"

"ಐಮಂಗಲ ದಾಟ್ತಿದ್ದಂಗೆ ಡಾಬಾ ಒಂದೈತೆ. ಅಲ್ಲಿ ಅಡಿಗೆಯೋನು ನಮ್ ದೋಸ್ತಿ. ಇಲ್ಲೇ ಹರಿಯಬ್ಬೆ ಊರೋನು. ಬೆಂಗಳೂರಾಗೆ ಜಪಾನ್ ಹೋಟ್ಲಾಗೆ ಎಂಟ್ವರ್ಷ ಇದ್ದ. ಯಾರಾದ್ರೂ ಕೇಳ್ತಾರೇನೋ ಅಂತ ಆ ಕಾಗದ ತರಿಸಿ ಮಡಿಕ್ಕಂಡವ್ನೆ. ಒಬ್ರೂ ಕೇಳಿಲ್ಲ. ನಾವೆಲ್ಲಾ ತಲೆ ಕೆಟ್ಟೈತೆ ಅಂತ ನಗಾಡ್ತೀವಿ."

ನಾನು ಗೋಬಿ ತಟ್ಟೆಯನ್ನು ಗೆಳತಿಯ ಕೈಗೆ ತುರುಕಿ ಅಂದೆ, "ಹೋಗಾಣ ನಡೀರಿ!"

"ತಿನ್ನಾಕೆ ಬಿಡಲೇ," ಅಂತ ಅವಳು ಬಾಯಿ ಸುಟ್ಟುಕೊಂಡು ಓಡಿದಳು. ಬೆಂಗಳೂರಿನವಳು ಮೂರನೇ ಬೆರಳು ಮಡಿಚಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು.

ಐಮಂಗಲದ ಡಾಬಾಕ್ಕೆ ತಗಡಿನ ಚಾವಣಿ, ಮುಂದೆ ನಾಲ್ಕು ಲಾರಿ. ಒಳಗೆ ಉದ್ದನೆಯ ಕಲ್ಲು ಬೆಂಚುಗಳ ಮೇಲೆ ಡ್ರೈವರುಗಳು ಕೂತು ಮುದ್ದೆ ಉಣ್ಣುತ್ತಿದ್ದರು. ಗೋಡೆಗೆ ನೇತುಹಾಕಿದ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಿತ್ತು: ಮುದ್ದೆ, ಬಸ್ಸಾರು, ಮೀನು ಫ್ರೈ, ಮೊಟ್ಟೆ. ಬೆಂಗಳೂರಿನವಳು ಅದನ್ನು ಎರಡು ಸಲ ಓದಿದಳು.

ಅಡಿಗೆಯವರು ಹೊರಗೆ ಬಂದರು. ನಲವತ್ತರ ಆಸುಪಾಸು, ಹೆಗಲ ಮೇಲೆ ಟವಲು, ಗಟ್ಟಿಮುಟ್ಟು ಆಳು. ನಾನು ವಿಷಯ ಹೇಳಿದೆ. ಅವರು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು.

"ತಮಾಷೆ ಮಾಡ್ತಿಲ್ಲ ತಾನೇ ನೀವು?"

"ಅಲ್ಲಾ ಕಸಂ," ಅಂದಳು ಗೆಳತಿ. "ನಿನ್ನೆಯಿಂದ ತಿರುಗ್ತಾ ಇದೀವಿ ಅಣ್ಣ. ಇವ್ಳ ಮರ್ವಾದಿ ಪ್ರಶ್ನೆ."

"ಮುಕ್ಕಾಲು ಗಂಟೆ ಆಗ್ತೈತೆ. ಇದು ಅವಸರಕ್ಕೆ ಆಗೋ ಅಡಿಗೆ ಅಲ್ಲ," ಅಂದವರೇ ಒಳಗೆ ಹೋದರು. ನಾವೂ ಹಿಂದೆಯೇ ಹೋದೆವು. ಅಟ್ಟದ ಮೇಲಿನಿಂದ ಒಂದು ಗಂಟು ಇಳಿಸಿದರು. ಬಿಳಿ ಟವಲಿನಲ್ಲಿ ಸುತ್ತಿದ ಉದ್ದನೆಯ ಚಾಕು, ಬಿದಿರುಕಡ್ಡಿಯ ಪುಟ್ಟ ಚಾಪೆ, ಗಾಳಿಯಾಡದ ಡಬ್ಬಿಯಲ್ಲಿ ಕಪ್ಪು ಹಾಳೆ. ಚಾಕು ಎಷ್ಟು ಹರಿತ ಇತ್ತು ಅಂದರೆ ಅದನ್ನು ನೋಡಿದ್ದಕ್ಕೇ ನನ್ನ ಉಗುರು ಎರಡು ನೂಲು ಚಿಕ್ಕದಾಯಿತು.

"ಅಕ್ಕಿ ಯಾವುದು ಹಾಕ್ತೀರಾ?" ಅಂತ ಬೆಂಗಳೂರಿನವಳು ಪರೀಕ್ಷೆಯ ದನಿಯಲ್ಲಿ ಕೇಳಿದಳು. "ಅಲ್ಲಿ ಜಪಾನಿಂದಲೇ ತರಿಸ್ತಿದ್ರು."

"ಸೊಸೈಟಿ ಅಕ್ಕಿ."

"ರೇಷನ್ ಅಕ್ಕೀನಾ?"

"ಹ್ಞೂಂನವ್ವ. ಸೋನಾಮಸೂರಿ ಉದುರುದುರಾಗ್ತೈತೆ, ಉಂಡೆ ನಿಲ್ಲಲ್ಲ. ಇದು ದಪ್ಪಕ್ಕಿ, ಅಂಟ್ಕಂತೈತೆ. ಬಂದಾಗಿಂದ ಇಪ್ಪತ್ ಥರ ನೋಡೀನಿ. ಇದೇ ಸರಿ."

ಅಕ್ಕಿಯನ್ನು ಏಳು ನೀರಿನಲ್ಲಿ ತೊಳೆದರು. ಬೇಯಿಸಿ, ಮರದ ಪರಾತಕ್ಕೆ ಸುರುವಿ, ಹುಳಿ ಸಕ್ಕರೆ ಉಪ್ಪು ಹಾಕಿ, ಒಂದು ಕೈಯಲ್ಲಿ ಕಲಸುತ್ತಾ ಇನ್ನೊಂದು ಕೈಯಲ್ಲಿ ರಟ್ಟಿನಿಂದ ಗಾಳಿ ಹಾಕಿದರು. ಮೀನು ಹಸಿಯದೇ ಬೇಕು ಅಂತ ನಾನು ತಿಳಿದವಳ ಹಾಗೆ ಅಂದೆ.

"ಅದಾಗಲ್ಲ. ಇದು ಮಾರಿಕಣಿವೆ ಡ್ಯಾಮಿನ ಮೀನು, ಸಿಹಿನೀರಿಂದು. ಹಸೀದು ತಿಂದ್ರೆ ಹೊಟ್ಟೆಗೆ ಒಳ್ಳೇದಲ್ಲ. ಕೆಂಡದ ಮ್ಯಾಲೆ ಸುಟ್ಟು ಕೊಡ್ತೀನಿ. ನಮ್ಮ ಮೇಷ್ಟ್ರು ಜಪಾನಿಯೋರೇ ಹೇಳ್ಕೊಟ್ಟಿದ್ದು: ಎಲ್ಲಿದೀಯೋ ಅಲ್ಲೀದು ಹಾಕು."

ಬೆಂಗಳೂರಿನವಳು ತಲೆಯಾಡಿಸಿದಳು. ಅವಳು ಕ್ಯೂಟ್ ಅನ್ನಲಿಲ್ಲ, ಗಮನಿಸಿದಿರಾ? ಎರಡು ದಿನದಲ್ಲಿ ಮೊದಲ ಸಲ.

ಆ ಹೊತ್ತಿನಲ್ಲಿ ನಾನು ಬೋರ್ಡಿನ ಷರತ್ತು ಮುಗಿಸಿದೆ. ಅಡಿಗೆಯವರ ಅಪ್ಪಣೆ ಪಡೆದು, ಸೀಮೆಸುಣ್ಣ ತಗೊಂಡು, ಮೀನು ಫ್ರೈ ಕೆಳಗೆ ನನ್ನ ಅತಿ ಚೆಂದದ ಅಕ್ಷರದಲ್ಲಿ 'ಜಪಾನಿ ಊಟ ಸಿಗುತ್ತದೆ' ಅಂತ ಬರೆದೆ. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆ. 'ಐಮಂಗಲದಲ್ಲಿ ಜಪಾನು ಪತ್ತೆ, ಪತ್ತೆ ಹಚ್ಚಿದವರು ನಾನು' ಅಂತ ಸ್ಟೇಟಸ್ ಹಾಕಿದೆ. ಎರಡೇ ನಿಮಿಷಕ್ಕೆ ಕ್ಲಾಸಿನ ಮುವ್ವತ್ತು ಜನ ನೋಡಿದರು.

ತಟ್ಟೆ ಬಂತು. ಅಡಿಗೆಯವರು ಎರಡೂ ಕೈಯಲ್ಲಿ ಹಿಡಿದು ತಂದರು, ಆರತಿ ತಟ್ಟೆಯ ಹಾಗೆ. ಸ್ಟೀಲು ತಟ್ಟೆಯ ಮೇಲೆ ಹನ್ನೆರಡು ಬಿಲ್ಲೆ, ಒಂದಕ್ಕೊಂದು ಕೂದಲೆಳೆ ವ್ಯತ್ಯಾಸವಿಲ್ಲ. ಸುತ್ತ ಕಪ್ಪು, ಒಳಗೆ ಬಿಳಿ, ನಡುವೆ ಸುಟ್ಟ ಮೀನು, ಸೌತೆಕಾಯಿ. ಪಕ್ಕದ ಬೆಂಚಿನ ಡ್ರೈವರುಗಳು ಉಣ್ಣುವುದು ಬಿಟ್ಟು ನೋಡಿದರು.

"ಮೊದಲು ನೀನು ತಿನ್ನು," ಅಂದಳು ಬೆಂಗಳೂರಿನವಳು ನನಗೆ. "ನಿನಗೆ ಗೊತ್ತಲ್ಲ ಹೇಗೆ ತಿನ್ನೋದು."

"ಗೊತ್ತಿಲ್ದೆ ಏನು," ಅಂದೆ.

ಈಗ ನಡೆದದ್ದನ್ನು ಹೇಳಲು ಸ್ವಲ್ಪ ನಾಚಿಕೆ. ನಮ್ಮ ಕಡೆ ಹುಟ್ಟಿದ ಯಾರಿಗೇ ಆದರೂ ದುಂಡಗಿರುವ, ಮೆತ್ತಗಿರುವ ತುತ್ತು ಕೈಗೆ ಬಂದರೆ ಕೈಗೆ ಒಂದೇ ದಾರಿ ಗೊತ್ತು. ಮುದ್ದೆಯನ್ನು ಅಗಿಯುವುದಿಲ್ಲ. ಅಗಿದರೆ ಹಲ್ಲಿಗೆ ಅಂಟುತ್ತದೆ, ನೋಡಿದವರು ನಗುತ್ತಾರೆ. ಮುರಿ, ಸಾರಿಗೆ ಅದ್ದು, ನುಂಗು. ಗೆಳತಿ ಹಸಿವಿಗೆ ತರಿಸಿಕೊಂಡಿದ್ದ ಬಸ್ಸಾರು ನನ್ನ ಪಕ್ಕದಲ್ಲೇ ಇತ್ತು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಬಿಲ್ಲೆ ಎತ್ತಿತು, ಬಸ್ಸಾರಿಗೆ ಅದ್ದಿತು, ಬಾಯಿಗೆ ಹಾಕಿತು. ಗುಳುಂ. ಇಡೀ ಬಿಲ್ಲೆ ಗಂಟಲಿನಲ್ಲಿ ಐಮಂಗಲದ ಟೋಲಿನಲ್ಲಿ ಲಾರಿ ನಿಂತ ಹಾಗೆ ಒಂದು ಕ್ಷಣ ನಿಂತು, ಆಮೇಲೆ ಇಳಿಯಿತು.

ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ನೋಡಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

"ನುಂಗಿಬಿಟ್ಟಾ?" ಅಂದಳು ಬೆಂಗಳೂರಿನವಳು. "ಸುಶೀನ ಯಾರು ಹಾಗೆ ನುಂಗ್ತಾರೆ? ನೀನು ತಿಂದೇ ಇಲ್ಲ ಅಲ್ವಾ? ನಿಜ ಹೇಳು."

ಬೆಂಚು ನನ್ನ ಕಣ್ಣ ಮುಂದೆ ಬಂತು. ಬತೇರಿಯಷ್ಟು ಎತ್ತರದ್ದು. ಆದರೆ ನನ್ನ ಬುದ್ಧಿ ಇಂಥ ಹೊತ್ತಿನಲ್ಲೇ ಓಡುವುದು.

"ಬೆಂಗಳೂರಾಗೆ ಅಗೀತಾರೆ ತಾಯಿ. ಅಲ್ಲಿ ನಾನೂ ಅಗಿದೇ ತಿಂದಿದ್ದು. ಇದು ದುರ್ಗದ ಪದ್ಧತಿ. ಎಲ್ಲಿದೀಯೋ ಅಲ್ಲೀದು ಅಂತ ಇವ್ರ ಮೇಷ್ಟ್ರೇ ಹೇಳಿಲ್ವಾ?"

ಪಕ್ಕದ ಬೆಂಚಿನಿಂದ ಒಬ್ಬ ದಪ್ಪ ಡ್ರೈವರು ಅಂದ, "ಸರಿ ಹೇಳ್ತು ನೋಡಪ್ಪ ಹುಡುಗಿ. ಅಗಿಯಾಕೆ ಇದೇನು ಕಬ್ಬಾ? ಇಲ್ಲೊಂದು ಕೊಡ್ರಿ." ಅವನೂ ಒಂದು ಬಿಲ್ಲೆ ಬಸ್ಸಾರಿಗೆ ಅದ್ದಿ ನುಂಗಿದ. ಅವನ ಗಂಟಲಿನಲ್ಲಿ ಟೋಲೇ ಇರಲಿಲ್ಲ. "ಭೇಷೈತೆ!" ಅಂದ. ಅವನ ಜೊತೆಯವನೂ ನುಂಗಿದ. ಗೆಳತಿಯೂ ನನ್ನ ಮಾನ ಕಾಯಲು ಕಣ್ಣು ಮುಚ್ಚಿ ಒಂದು ನುಂಗಿ, "ಮಸ್ತೈತೆ," ಅಂದಳು. ಒಂದು ನಿಮಿಷದಲ್ಲಿ ನಾಲ್ಕು ಬಿಲ್ಲೆ ಒಂದು ಹಲ್ಲನ್ನೂ ಮುಟ್ಟದೆ ಖಾಲಿ.

ನಾನು ಗೆದ್ದೆ ಅಂತ ಎದೆಯುಬ್ಬಿಸಿ ಅಡಿಗೆಯವರನ್ನು ನೋಡಿದೆ. ಅವರು ನಗುತ್ತಿರಲಿಲ್ಲ. ಟವಲಿನಲ್ಲಿ ಕೈ ಒರೆಸುತ್ತಾ, ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ ಅಂದರು:

"ನುಂಗಿದ್ರೆ ನಾನು ಮಾಡಿದ್ದೇನು ಅಂತ ಗೊತ್ತಾಗಲ್ಲ ಕಣವ್ವ. ಅನ್ನಕ್ಕೆ ಹುಳಿ ಹದ ಹಿಡಿಯಾಕೆ ಎಂಟ್ವರ್ಷ ಹಿಡೀತು ನಂಗೆ. ಒಂದೇ ಒಂದು ಅಗಿದು ನೋಡು."

ಅವರಿಗೆ ಗೊತ್ತಾಗಿತ್ತು, ನಾನು ಈ ಜನ್ಮದಲ್ಲಿ ಇದನ್ನು ತಿಂದಿಲ್ಲ ಅಂತ. ಮೊದಲ ತುತ್ತಿಗೇ ಗೊತ್ತಾಗಿತ್ತು. ಬೆಂಗಳೂರಿನವಳ ಮುಂದೆ ಅನ್ನಲಿಲ್ಲ, ಅಷ್ಟೆ.

ಎರಡನೆಯದನ್ನು ಬಸ್ಸಾರಿಗೆ ಅದ್ದದೆ ಬಾಯಿಗಿಟ್ಟೆ. ಅಗಿದೆ. ಮೊದಲು ಕಪ್ಪು ಹಾಳೆ ಸಣ್ಣಗೆ ಚರ್ ಅಂತು, ಉಪ್ಪುಪ್ಪು. ಆಮೇಲೆ ಅನ್ನ, ಇನ್ನೂ ಒಂಚೂರು ಬೆಚ್ಚಗೆ, ಮಾವಿನಕಾಯಿ ಕಾಲದ ಗಾಳಿಯಂಥ ಹುಳಿ. ಆಮೇಲೆ ಕೆಂಡದ ಹೊಗೆ ಹಿಡಿದ ಮೀನು, ನಡುವೆ ಸೌತೆಕಾಯಿಯ ತಂಪು. ಒಂದಾದ ಮೇಲೊಂದು, ಸಾಲಾಗಿ, ಯಾವುದೂ ಯಾವುದನ್ನೂ ತಳ್ಳದೆ. ನಾನು ಸಾಮಾನ್ಯವಾಗಿ ಯಾವುದನ್ನಾದರೂ ಇದ್ದದ್ದಕ್ಕಿಂತ ಮೂರು ಪಟ್ಟು ಹೇಳುವವಳು. ಇದನ್ನು ಹೇಗೆ ಹಿಗ್ಗಿಸಬೇಕು ಅಂತ ತಿಳಿಯಲಿಲ್ಲ. "ಚೆನ್ನಾಗೈತಣ್ಣ," ಅಂದೆ. ಅವರ ಮುಖ ನೋಡಬೇಕಿತ್ತು ನೀವು. ಜೋಳದ ಹೊಲಕ್ಕೆ ಬೆಳಗಿನ ಬಿಸಿಲು ಬಿದ್ದ ಹಾಗೆ.

ಬೆಂಗಳೂರಿನವಳು ಒಂದು ತಗೊಂಡಳು. ನಿಧಾನವಾಗಿ ಅಗಿದಳು, ಕಣ್ಣು ಮೇಲೆ ಮಾಡಿಕೊಂಡು. ಇಡೀ ಡಾಬಾ ಅವಳ ದವಡೆಯನ್ನೇ ನೋಡುತ್ತಿತ್ತು. ದಪ್ಪ ಡ್ರೈವರು ಕೈಯಲ್ಲಿ ಮುದ್ದೆ ಹಿಡಿದೇ ಕೂತಿದ್ದ. ಇನ್ನೊಂದು ತಗೊಂಡಳು. ಮೂರನೆಯದು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಗೆಳತಿ ಅಂದಳು, "ಏ, ಬಾಯಿ ಬಿಟ್ಟು ಏನಾದ್ರೂ ಹೇಳಲೇ ತಾಯಿ. ಇಲ್ಲಿ ಒಬ್ಬೊಬ್ರಿಗೆ ಬೀಪಿ ಏರ್ತಾ ಐತೆ."

"ಅಲ್ಲಿಗಿಂತ ಚೆನ್ನಾಗಿದೆ," ಅಂದಳು ಬೆಂಗಳೂರಿನವಳು. ಹೇಳುವಾಗ ಅವಳಿಗೇ ಆಶ್ಚರ್ಯವಾದ ಹಾಗಿತ್ತು. "ನಿಜವಾಗಿ. ಅಲ್ಲಿ ಅನ್ನ ತಣ್ಣಗಿರುತ್ತೆ, ಫ್ರಿಜ್ಜಿಂದ ತೆಗೆದ ಹಾಗೆ."

ಅಡಿಗೆಯವರು ಟವಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು. ಮತ್ತೆ ಮೊದಲಿನ ಹೆಗಲಿಗೆ. ಆಮೇಲೆ ಯಾರೂ ಕೇಳದಿದ್ದರೂ ಇನ್ನೊಂದು ತಟ್ಟೆ ಮಾಡಲು ಒಳಗೆ ಹೋದರು. ದಪ್ಪ ಡ್ರೈವರು ಹಿಂದಿನಿಂದ ಕೂಗಿದ, "ಲೇ, ನಾಡಿದ್ದು ಪುಣೆಯಿಂದ ಬರ್ತಾ ಇಳೀತೀನಿ, ಎಲ್ಡು ತಟ್ಟೆ ಮಾಡಿಟ್ಟಿರು!" ಒಳಗಿನಿಂದ ಪಾತ್ರೆಯ ಸದ್ದು ಮೊದಲಿಗಿಂತ ಜೋರಾಗಿ ಬಂತು. ನಮ್ಮ ಜಿಲ್ಲೆಯ ಬಗ್ಗೆ ನನಗೆ ಆಗ ಎಷ್ಟು ಹೆಮ್ಮೆ ಆಯಿತು ಅಂದರೆ, ಎದೆ ಉಬ್ಬಿ ಕಲ್ಲು ಬೆಂಚಿನ ಮೇಲೆ ಗೆಳತಿಗೆ ಜಾಗ ಸಾಲದೆ ಅವಳು ಅತ್ತ ಸರಿದಳು.

"ಸರಿ," ಅಂದಳು ಬೆಂಗಳೂರಿನವಳು ಕೈ ತೊಳೆದು ಬಂದು. "ಕೂತು ತಿಂದಿದ್ದು ಆಯ್ತು. ಬೋರ್ಡ್ ಇದೆ, ನೀನೇ ಬರೆದಿದ್ರೂ ಇದೆ. ಚೆನ್ನಾಗೂ ಇದೆ. ನೀನು ಗೆದ್ದೆ. ನಾಳೆ ಫಸ್ಟ್ ಪೀರಿಯಡಲ್ಲಿ ಎಲ್ಲರ ಮುಂದೆ ನಾನೇ ಹೇಳ್ತೀನಿ, ಇವಳು ಹೇಳಿದ್ದೆಲ್ಲಾ ನಿಜ ಅಂತ. ಬೆಂಗಳೂರಲ್ಲಿ ಎರಡು ಸಲ ತಿಂದಿದ್ದೂ ನಿಜ ಅಂತ."

"ಎಲ್ಲಾದೂ ಹೇಳಬೇಕು," ಅಂದೆ. "ನವಿಲಿಂದೂ."

"ಯಾವ ನವಿಲು?"

ನವಿಲಿನ ಕಥೆಯನ್ನು ಮೊದಲಿನಿಂದ ಶುರುಮಾಡಿದ್ದೆ. ನಮ್ಮ ಟೆರೇಸಿಗೆ ನವಿಲು ಇಳಿಯುವಲ್ಲಿಯವರೆಗೆ ಬಂದಿದ್ದೆ. ಆಗ ಡಾಬಾದ ಬಾಗಿಲಿನಲ್ಲಿ ಬೆಳಕು ಕಡಿಮೆಯಾಯಿತು.

ಅಮ್ಮ. ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದವರು ಹಾಗೇ ಎದ್ದು ಬಸ್ಸು ಹತ್ತಿದ್ದರು. ಅಳತೆಯ ಟೇಪು ಇನ್ನೂ ಕೊರಳಲ್ಲಿ ನೇತಾಡುತ್ತಿತ್ತು. ಒಂದು ಕೈಯಲ್ಲಿ ಆಧಾರ್ ಕಾರ್ಡು, ಇನ್ನೊಂದು ಕೈಯಲ್ಲಿ ಫೋನು. ಫೋನಿನಲ್ಲಿ ನನ್ನ ಸ್ಟೇಟಸ್ಸು. ಕ್ಲಾಸಿನ ಮುವ್ವತ್ತು ಜನಕ್ಕೆ ಕಾಣುವುದು ಅಮ್ಮನಿಗೂ ಕಾಣುತ್ತದೆ ಅಂತ ನನಗೆ ಹೊಳೆದಿರಲಿಲ್ಲ.

"ಸ್ಪೆಷಲ್ ಕ್ಲಾಸು ಇಲ್ ನಡೀತೈತೇನೇ?" ಅಂದರು ಅಮ್ಮ. "ಲಾರಿಯೋರು ಯಾವ ಸಬ್ಜೆಕ್ಟ್ ತಗಂತಾರೆ?"

ಡ್ರೈವರುಗಳು ತಟ್ಟೆಯ ಕಡೆ ತಲೆ ಬಗ್ಗಿಸಿದರು. ಗೆಳತಿ ಬೆಂಚಿನ ಕೆಳಗೆ ಬಿದ್ದಿಲ್ಲದ ಏನನ್ನೋ ಹುಡುಕತೊಡಗಿದಳು. ಬೆಂಗಳೂರಿನವಳು ಮಾತ್ರ ಎದ್ದು ನಿಂತು, ಒಳ್ಳೆಯ ಮನಸ್ಸಿನಿಂದಲೇ, ನನ್ನನ್ನು ಕಾಪಾಡಲು ಅಂತಲೇ ಅಂದಳು:

"ಬೈಬೇಡಿ ಆಂಟಿ. ನಿಮ್ಮ ಮಗಳಿಂದ ಎಷ್ಟು ಒಳ್ಳೆ ಹೋಟೆಲ್ ಸಿಕ್ತು ಗೊತ್ತಾ? ಅವಳು ಬೆಂಗಳೂರಲ್ಲಿ ಎರಡು ಸಲ ತಿಂದಿದ್ದಳಲ್ಲ, ಅದಕ್ಕಿಂತ ಇಲ್ಲೇ ಚೆನ್ನಾಗಿದೆ."

"ಯಾರು ತಿಂದಿದ್ದು?" ಅಂದರು ಅಮ್ಮ.

"ಇವಳೇ. ಬೆಂಗಳೂರಲ್ಲಿ."

ಅಮ್ಮ ನನ್ನನ್ನು ನೋಡಿದರು. ನಾನು ಕಣ್ಣಿನಲ್ಲೇ ಅಮ್ಮನ ಕಾಲಿಗೆ ಬಿದ್ದೆ, ಕೈಮುಗಿದೆ, ಜೀವಮಾನವಿಡೀ ಪಾತ್ರೆ ತೊಳೆಯುತ್ತೇನೆ ಅಂದೆ. ಅಮ್ಮನಿಗೆ ಕಣ್ಣಿನ ಭಾಷೆ ಬರುವುದಿಲ್ಲ.

"ಇವ್ಳೆಲ್ಲಿ ಬೆಂಗಳೂರು ನೋಡವ್ಳವ್ವ?" ಅಂದರು, ಇಡೀ ಡಾಬಾಕ್ಕೆ ಕೇಳುವ ಹಾಗೆ. "ಬೆಂಗಳೂರು ಬಸ್ಸು ಶಿರಾ ಮುಟ್ಟಾದ್ರೊಳಗೆ ವಾಂತಿ ಮಾಡ್ಕತಾಳೆ ಅಂತ ಅವ್ಳ ಚಿಕ್ಕಮ್ಮನ ಮದುವೆಗೂ ಬಿಟ್ಟು ಹೋಗಿದ್ವಿ. ಈ ಜನ್ಮದಾಗೆ ಶಿರಾ ದಾಟಿಲ್ಲ ಇದು. ನಡಿ ಮನಿಗೆ."